ಹೆಬ್ಬೆರಳ ಕೆಳಗಿನ ಚಿತ್ರ

ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಹೆಂಗಸೊಬ್ಬಳು ನನ್ನ ಹಾಳೆಗಳನ್ನು ಮಡಚಿದಳು. ಅಂಚು ಸರಿಮಾಡಿ ನಡುವಿಗೆ ಪಿನ್ನು ಹೊಡೆದಳು. ನನ್ನನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ಹಾಗೆ ನಾನು ಹುಟ್ಟಿದೆ. ನಾನು ‘ಕರಿಮಂಜಿನ ಕೋಟೆ’ ಎಂಬ ಮಾಯಾಲೋಕದ ಚಿತ್ರಕಥೆಯ ಒಂದು ಸಂಚಿಕೆ. ನಾವು ತಿಂಗಳಿಗೊಬ್ಬರಂತೆ ಬರುವವರು. ಕಥೆ ನನ್ನೊಳಗೆ ಶುರುವಾಗುವುದೂ ಇಲ್ಲ, ಮುಗಿಯುವುದೂ ಇಲ್ಲ.

ಬ್ಯಾಡಗಿಯ ಬಸ್ ನಿಲ್ದಾಣದಲ್ಲಿ ನನ್ನನ್ನು ಕೊಂಡವಳು ಕಸ್ತೂರಿ. ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಹೆಂಗಸರಲ್ಲಿ ಓದು ಬರುತ್ತಿದ್ದವಳು ಅವಳೊಬ್ಬಳೇ. ಊಟವಾದ ಮೇಲೆ ಅವಳು ಗಟ್ಟಿಯಾಗಿ ಓದುವಳು, ಉಳಿದವರು ಕೈ ನಿಲ್ಲಿಸದೆ ಕೇಳುವರು. ಅವಳ ಕೂಲಿ ತಪ್ಪದಿರಲೆಂದು ಪ್ರತಿಯೊಬ್ಬಳೂ ತಾನು ಬಿಡಿಸಿದ್ದರಲ್ಲಿ ಒಂದು ಬೊಗಸೆ ಅವಳ ಬುಟ್ಟಿಗೆ ಹಾಕುವಳು. ಅದು ಅಲ್ಲಿನ ರೂಢಿ.

“ಮುಗಿಯೂದಿಲ್ಲದ ಕಥಿ ಕೇಳಿ ಏನ್ ಸಿಗತೈತ್ರೆ ನಿಮಗ?” ಎಂದು ಕೂಲಿಯವರ ಮೇಲ್ವಿಚಾರಣೆ ನೋಡುವ ಮುಕಾದಮ ವೀರಭದ್ರಪ್ಪ ಹಂಗಿಸಿದ.

“ನಿನ್ನ ಮೆಣಸಿನಕಾಯಿ ರಾಶಿ ಎಂದರ ಮುಗದೈತೇನಪಾ? ಅದನ್ನ ದಿನಾ ನೋಡಾಕ ಬರ್ತೀವಲ್ಲ!” ಎಂದಳು ಫಕೀರವ್ವ. ಅವಳು ಅಲ್ಲಿ ಎಲ್ಲರಿಗಿಂತ ಹಿರಿಯಳು. ಘಾಟಿಗೆ ಸೀನುತ್ತಲೇ ಎಲ್ಲರೂ ನಕ್ಕರು.

ನನ್ನಂಥದನ್ನು ಯಾಕೆ ಓದಬೇಕು ಎಂದರೆ ನಾನು ಆ ಮಧ್ಯಾಹ್ನಗಳನ್ನೇ ತೋರಿಸುತ್ತೇನೆ. ಕಥೆ ಮುಗಿದರೆ ಜನ ಎದ್ದು ಹೋಗುತ್ತಾರೆ. ಮುಗಿಯದಿದ್ದರೆ ತಿಂಗಳಿಡೀ ಅದಕ್ಕೆ ತಮ್ಮ ಬದುಕಿನದೂ ಒಂದಿಷ್ಟು ತಂದು ಸೇರಿಸುತ್ತಾರೆ.

ಫಕೀರವ್ವನೂ ಸೇರಿಸಿದ್ದಳು. ನಮ್ಮ ಕಥೆಯಲ್ಲಿ ಅಕ್ಕ ತಾರಾಲಿ ಹೆದರಿ, ತಂಗಿ ಮಿಂಚಿಯನ್ನು ಕೋಟೆಯ ಬಾಗಿಲ ಹಿಂದೆ ಬಿಟ್ಟು ಓಡಿಬಂದಿದ್ದಳು. ಫಕೀರವ್ವನಿಗೂ ಸವಣೂರಿನಲ್ಲಿ ಒಬ್ಬ ತಂಗಿ. ಜಗಳವಾಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಆ ತಂಗಿ ಈಗ ಹಾಸಿಗೆ ಹಿಡಿದಿದ್ದಳು.

“ತಾರಾಲಿ ಹೊಳ್ಳಿ ಹೋಗಿ ತಂಗೀನ ಕರಕೊಂಡ ಬಂದ್ಲಂದ್ರ, ನಾನೂ ಸವಣೂರ ಬಸ್ ಹತ್ತತೀನಿ.”

“ಬರೇ ಮಾತ ನಿಂದು, ಚಿಗವ್ವ,” ಎಂದಳು ಕಸ್ತೂರಿ.

“ಆಕಿಗೆ ಸೀರಿ ತಂದೀನಿ, ನೋಡ ಚೀಲದಾಗ!”

ಕಸ್ತೂರಿ ನನ್ನ ಕೊನೆಯ ಪುಟಕ್ಕೆ ಬಂದಳು. ತಾರಾಲಿ ಬಾಗಿಲು ಬಡಿಯುತ್ತಾಳೆ. ಕಾವಲಿನ ಮಾಂತ್ರಿಕ ಹೇಳುತ್ತಾನೆ. ಕಸ್ತೂರಿ ಗೊಗ್ಗರು ದನಿ ತೆಗೆದು ಓದಿದಳು: “ನಿನ್ನ ತಂಗಿ ಸತ್ತಳು. ಬಾಗಿಲ ಹಿಂದೆ ಯಾರೂ ಇಲ್ಲ.”

ಅದು ಮಾಂತ್ರಿಕನ ಸುಳ್ಳು. ಅದರ ಕೆಳಗೆ, ಪುಟದ ಮೂಲೆಯಲ್ಲಿ, ಅಕ್ಷರವಿಲ್ಲದ ಒಂದು ಪುಟ್ಟ ಚಿತ್ರವಿತ್ತು. ಬಾಗಿಲ ಆಚೆ ಮಿಂಚಿ ಹಲಗೆಗೆ ಅಂಗೈ ಒತ್ತಿ ಕುಳಿತಿದ್ದಳು, ಜೀವಂತವಾಗಿ. ಆದರೆ ಕಸ್ತೂರಿ ನನ್ನನ್ನು ಹಿಡಿದಿದ್ದದ್ದು ಆ ಮೂಲೆಯಲ್ಲೇ. ಚಿತ್ರ ಅವಳ ಹೆಬ್ಬೆರಳ ಕೆಳಗಿತ್ತು. ಅಷ್ಟರಲ್ಲಿ ಲಾರಿ ಬಂತೆಂದು ಮುಕಾದಮ ಕೂಗಿದ. ಅವಳು ನನ್ನನ್ನು ಮುಚ್ಚಿಬಿಟ್ಟಳು.

“ತಾರಾಲಿ ತಡಾ ಮಾಡಿದ್ಲು,” ಎಂದಳು ಫಕೀರವ್ವ, ಮೆಲ್ಲಗೆ.

“ಮುಂದಿನ ತಿಂಗಳ ನೋಡೂಣು ತಡಿ, ಚಿಗವ್ವ.”

“ಇನ್ನ ಏನ್ ನೋಡೂದೈತಿ?”

ಸಂಜೆ ಅವಳು ಚೀಲದಿಂದ ಸೀರೆ ತೆಗೆದು ಕಸ್ತೂರಿಯ ಕೈಗಿಟ್ಟಳು. “ನೀನ ಉಟ್ಕೊ.”

ಮುಂದಿನ ಸಂಚಿಕೆ ಬರುವ ಮೊದಲೇ ಕಸ್ತೂರಿ ಬಾಣಂತನಕ್ಕೆ ತವರಿಗೆ ಹೋದಳು. ಓದು ನಿಂತಿತು. ಅವಳು ಬಿಟ್ಟುಹೋದ ನನ್ನನ್ನು ವೀರಭದ್ರಪ್ಪ ಮಡಚಿ, ಅಲ್ಲಾಡುತ್ತಿದ್ದ ತೂಕದ ಯಂತ್ರದ ಕಾಲಿನ ಕೆಳಗೆ ತುರುಕಿದ.

ಈಗ ನನ್ನ ಬಣ್ಣ ಮಾಸಿದೆ, ಮೈಯೆಲ್ಲ ಖಾರದ ಪುಡಿ. ಬರೆದವರದು ತಪ್ಪಲ್ಲ, ಓದಿದವಳದೂ ಅಲ್ಲ. ಆದರೂ ಹೊರಗೆ ಹೋದ ಸುಳ್ಳು ನನ್ನ ಪುಟದ್ದು. ನಿಜ ನನ್ನ ಬಳಿಯೇ ಉಳಿಯಿತು. ಪುಸ್ತಕವೊಂದಕ್ಕೆ ಇದಕ್ಕಿಂತ ದೊಡ್ಡ ನಾಚಿಕೆ ಇಲ್ಲ.

ಸವಣೂರಿನ ತಂಗಿ ಇನ್ನೂ ಬದುಕಿದ್ದಾಳೆಂದು ಹೆಂಗಸರು ಮಾತಾಡಿಕೊಳ್ಳುತ್ತಾರೆ. ಫಕೀರವ್ವ ಕೇಳಿಯೂ ಕೇಳದವಳಂತೆ ತೊಟ್ಟು ಮುರಿಯುತ್ತಾಳೆ. ದಿನವೂ ಬುಟ್ಟಿ ತೂಗಿಸಲು ಬಂದು ನನ್ನ ಪಕ್ಕದಲ್ಲೇ ನಿಲ್ಲುತ್ತಾಳೆ. ಇವತ್ತೂ ಬಂದಳು.

ಫಕೀರವ್ವಾ, ನನ್ನನ್ನು ಹೊರಗೆ ಎಳೆದು, ಕೊನೆಯ ಪುಟದ ಮೂಲೆ ಒಮ್ಮೆ ನೋಡು.

ಅವಳು ಖಾಲಿ ಬುಟ್ಟಿ ಎತ್ತಿಕೊಂಡು ರಾಶಿಯ ಕಡೆಗೆ ನಡೆದಳು.