ಇರುವೆ ಬಾರದ ಹಿತ್ತಲು

“ಎಕ್ಕಡ ಮೂಸ್ಸುದ್ರೆ ಅಮಲು ತಾನಾಗೇ ಇಳೀತದೆ, ಬುಡ್ರಲಾ!” ಎಂದು ಪುಟ್ಟಸ್ವಾಮಿ ತನ್ನ ಕಾಲಿನ ಚಪ್ಪಲಿಯನ್ನೇ ಕಳಚಿ ತಮ್ಮನ ಮೂಗಿಗೆ ಒತ್ತಿದ. ಅದರ ಅಟ್ಟೆಗೆ ಎತ್ತಿನ ಸಗಣಿ ಮೆತ್ತಿತ್ತು. ದುದ್ದದ ಆಲೆಮನೆಯ ಬಾಗಿಲಲ್ಲಿ ಬಿದ್ದಿದ್ದ ಕೆಂಪಸಿದ್ದಯ್ಯ ಬೆಳಗಿನ ಚಳಿಯಲ್ಲೂ ಬೆವೆತು ತೊಯ್ದಿದ್ದ. ಕಟವಾಯಿಯಲ್ಲಿ ಜೊಲ್ಲು ಇಳಿಯುತ್ತಿತ್ತು. ಸುತ್ತ ನಿಂತವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಹೆಂಡದ ವಾಸನೆ ಮಾತ್ರ ಯಾರ ಮೂಗಿಗೂ ಬಡಿದಿರಲಿಲ್ಲ.

ಕೆಂಪಸಿದ್ದಯ್ಯನ ಹೆಂಡತಿ ಹೊಂಬಾಳಮ್ಮ ಓಡಿ ಬಂದಳು. “ಕುಡ್ದಿಲ್ಲ ಬಾವ! ಮೊದ್ಲು ಬೆಲ್ಲ ಕೊಡಿ, ಜೀವ ಓಯ್ತದೆ!”

“ಸಕ್ಕರೆ ಕಾಯ್ಲೆಯೋನ್ಗೆ ಬೆಲ್ಲವಾ? ಇಸ ಆಕ್ತೀಯೇನಮ್ಮಿ?”

ಈ ಮಾತು ಕೇಳಿ ಕೇಳಿ ಅವಳಿಗೆ ಸಾಕುಸಾಕಾಗಿತ್ತು. ಎರಡನೇ ಮಹಾಯುದ್ಧ ಶುರುವಾದ ವರ್ಷ ಗಂಡನಿಗೆ ಕಾಯಿಲೆ ಹತ್ತಿದಾಗಿನಿಂದ, ಹಿತ್ತಲಲ್ಲಿ ಅವನು ಉಚ್ಚೆ ಹೊಯ್ದ ಕಡೆಯೆಲ್ಲ ಇರುವೆ ಮುತ್ತುತ್ತಿದ್ದವು. ಅಸಹ್ಯಪಟ್ಟುಕೊಂಡೇ ದಿನಾ ಬೂದಿ ಎರಚುತ್ತಿದ್ದಳು. ಈಚೆಗೆ ಅಲ್ಲಿ ಒಂದಿರುವೆಯೂ ಇಲ್ಲ. ಗಂಡನೋ, ಹೊಟ್ಟೆ ಹಸಿದರೆ ಸಾಕು, ತೊದಲಿ ತತ್ತರಿಸಿ ಬೀಳುತ್ತಿದ್ದ. ಮಂಡ್ಯದ ಡಾಕ್ಟರು ಉಚ್ಚೆ ಕಾಯಿಸಿ ನೋಡಿ, “ಇದರಲ್ಲಿ ಸಕ್ಕರೆಯೇ ಇಲ್ಲ. ಹೊಟ್ಟೆಯೊಳಗೆ ಗಂಟು ಬೆಳೆದಿರಬೇಕಮ್ಮ. ಸಕ್ಕರೆ ಇಳಿಸೋ ರಸಾನ ಅದು ಹೊತ್ತುಗೊತ್ತಿಲ್ಲದೆ ಸುರೀತಾ ಇದೆ. ಬೆಂಗಳೂರಿನಲ್ಲಿ ತೋರಿಸಿ. ಅಲ್ಲೀವರೆಗೆ ಹೀಗಾದಾಗೆಲ್ಲ ಬೆಲ್ಲ ಕೊಡಿ” ಎಂದಿದ್ದರು. ಅದನ್ನು ಹೇಳಿದರೆ ಪುಟ್ಟಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಈಗ ಅವಳು ತಾನೇ ಬೆಲ್ಲದಚ್ಚಿಗೆ ಕೈ ಹಾಕಿದಳು. ಪುಟ್ಟಸ್ವಾಮಿ ರಟ್ಟೆ ಹಿಡಿದು ದಬ್ಬಿದ. ಅವಳು ಬಿದ್ದ ಕಡೆಯೇ, ಕೊಪ್ಪರಿಗೆಯ ಪಕ್ಕ, ಚೆಲ್ಲಿದ ಪಾಕ ಹತ್ತು ಜನರ ಕಾಲ್ತುಳಿತಕ್ಕೆ ಕರ್ರಗಾಗಿ ನೆಲಕ್ಕಂಟಿತ್ತು. ಅದನ್ನು ಉಗುರಲ್ಲಿ ಕೆರೆದು, ಮಣ್ಣು ನೊಣ ಸಮೇತ, ಬಾಗಿಲಿಗೆ ಓಡಿ ಗಂಡನ ದವಡೆ ಬಿಡಿಸಿ ಒಳಗೆ ತಿಕ್ಕಿದಳು. ಮತ್ತೆ ಕೆರೆದಳು, ಮತ್ತೆ ತಿಕ್ಕಿದಳು.

“ಥೂ, ಏಸ್ಗೆ!” ಎಂದ ಪುಟ್ಟಸ್ವಾಮಿ.

“ಊಂ, ಏಸ್ಗೆನೇ. ನಿಮ್ಮೆಕ್ಕಡಕ್ಕಿಂತ ವಾಸಿ ಬುಡಿ.”

ಸ್ವಲ್ಪ ಹೊತ್ತಿಗೆ ಕೆಂಪಸಿದ್ದಯ್ಯ ಕಣ್ಣು ಬಿಟ್ಟ. ಸುತ್ತ ನಿಂತವರನ್ನು ನೋಡಿ ಕುಗ್ಗಿಹೋಗಿ, “ತೆಪ್ಪಾಯ್ತು ಕಣಣ್ಣ” ಎಂದು ಕೈ ಮುಗಿದ.

“ನೋಡುದ್ರೇನ್ಲಾ,” ಎಂದ ಪುಟ್ಟಸ್ವಾಮಿ ಎಕ್ಕಡ ಮೆಟ್ಟಿಕೊಳ್ಳುತ್ತ, “ಮೂಸ್ಸಿದ್ದೇ ತಡ, ಎಂಗಿಳೀತು ಅಮಲು!”

ಎಲ್ಲರೂ ಹೌದೌದೆಂದು ತಲೆದೂಗಿದರು. ಹೊಂಬಾಳಮ್ಮ ಸೆರಗಿನಿಂದ ಗಂಡನ ಮೂಗಿನ ಮೇಲಿನ ಸಗಣಿ ಒರೆಸಿದಳು. ಅವನ ಗದ್ದದ ಪಾಕಕ್ಕೆ ಅಷ್ಟರಲ್ಲಾಗಲೇ ಒಂದಿರುವೆ ಹತ್ತುತ್ತಿತ್ತು. ಹಿತ್ತಲಿಗೆ ಬಾರದ್ದು ಇಲ್ಲಿಗಾದರೂ ಬಂತಲ್ಲ ಎಂದು ಅದನ್ನು ಒರೆಸಲಿಲ್ಲ.