ಹದಿಮೂರನೆಯ ತಟ್ಟು

ಯಾಮಿನಿ ಸ್ಕೀಯಿಂಗ್ ಕಲಿತು ನಾಲ್ಕು ಚಳಿಗಾಲ ಕಳೆದಿದ್ದವು. ಆದರೆ ಮೇಲಕ್ಕೊಯ್ಯುವ ಲಿಫ್ಟೂ ಕಾವಲುಗಾರರೂ ಇಲ್ಲದ ಬೆಟ್ಟಗಳಿಗೆ ಕಾಲಿಟ್ಟದ್ದು ಈ ವರ್ಷವೇ. ಜನವರಿಯಲ್ಲಿ ಹಿಮಕುಸಿತದ ಬಗ್ಗೆ ಮೂರು ದಿನದ ತರಬೇತಿಯನ್ನೂ ಮುಗಿಸಿದ್ದಳು. ಇಂದು ಅವಳ ಜೊತೆಗಿದ್ದವರು, ಅವಳು ಕೆಲಸಕ್ಕಿದ್ದ ಹೊರದೇಶದ ಊರಾದ ಕರ್ಕ್‌ಲ್ಯಾಂಡಿನ ಆಫೀಸಿನಲ್ಲಿ ಪಕ್ಕದ ತಂಡದ ಆಂಟನಿ. ಮಂಗಳೂರಿನವರು, ಐವತ್ತೈದು ದಾಟಿದವರು, ಇಪ್ಪತ್ತು ವರ್ಷಗಳಿಂದ ಈ ಬೆಟ್ಟಗಳನ್ನು ಹತ್ತಿ ಇಳಿದವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಟೋನಿ ಎನ್ನುತ್ತಿದ್ದರು. ಮೈಸೂರಿನ ಯಾಮಿನಿಗೆ ಮಾತ್ರ ಅವರು ‘ಸರ್’ ಆಗಿಯೇ ಉಳಿದಿದ್ದರು.

ಸ್ನೊಕ್ವಾಲ್ಮಿ ಪಾಸ್ ಎಂಬ ಘಟ್ಟದಾರಿಯಲ್ಲಿ ಕಾರು ನಿಲ್ಲಿಸಿ ಮರಗಳ ನಡುವೆ ಎರಡೂವರೆ ಗಂಟೆ ಹತ್ತಿದ ಮೇಲೆ, ಅವರು ಇಳಿಯಬೇಕೆಂದುಕೊಂಡಿದ್ದ ಬಯಲು ಇಳಿಜಾರು ಕಣ್ಣಿಗೆ ಬಿತ್ತು. ಒಂದು ಗೆರೆಯೂ ಬೀಳದ ಹೊಸ ಹಿಮ. ಅಂದಿನ ಮುನ್ಸೂಚನೆಯಲ್ಲಿ ಹಿಮಕುಸಿತದ ಅಪಾಯ ಐದರಲ್ಲಿ ಮೂರನೆಯ ಮಟ್ಟದಲ್ಲಿತ್ತು.

"ಗುಂಡಿ ತೋಡುವ, ಹಿಮ ಕುಸಿಯುವ ಹಾಗೆ ಉಂಟಾ ನೋಡಲಿಕ್ಕೆ," ಎಂದರು ಆಂಟನಿ.

ಅದೇ ದಿಕ್ಕಿಗೆ ಮುಖಮಾಡಿದ್ದ ಚಿಕ್ಕ ದಿಬ್ಬದಲ್ಲಿ ಇಬ್ಬರೂ ಎದೆಮಟ್ಟ ತೋಡಿದರು. ಯಾಮಿನಿ ಗ್ಲೌಸ್ ಕಳಚಿ, ಗುಂಡಿಯ ಗೋಡೆಯ ಮೇಲೆ ಬೆರಳಾಡಿಸಿದಳು. ಮೇಲೆ ಮೆತ್ತನೆಯ ಹಿಮ, ಅದರಡಿ ಗಾಳಿ ಒತ್ತಿ ಗಟ್ಟಿಮಾಡಿದ ಪದರ, ಅದರಡಿ ಸಕ್ಕರೆಯಂತೆ ಉದುರುವ ಹರಳುಗಳು. ಗಜದಗಲದ ಹಿಮದ ದಿಂಡನ್ನು ಗರಗಸದಿಂದ ಬಿಡಿಸಿ, ಒಂದು ತುದಿಯ ಮೇಲೆ ಸಲಿಕೆಯಿಟ್ಟು ತಟ್ಟತೊಡಗಿದಳು. ಮಣಿಕಟ್ಟಿನಿಂದ ಹತ್ತು ಸಲ. ಏನೂ ಆಗಲಿಲ್ಲ. ಮೊಣಕೈಯಿಂದ ಹನ್ನೊಂದು, ಹನ್ನೆರಡು. ಹದಿಮೂರನೆಯ ತಟ್ಟಿಗೆ ಬಿರುಕು ಈ ತುದಿಯಿಂದ ಆ ತುದಿಗೆ ಓಡಿ, ಮೇಲಿನ ಪದರ ಮೇಜಿನ ಡ್ರಾಯರಿನಂತೆ ನುಣ್ಣಗೆ ಅವಳ ಮಡಿಲಿಗೆ ಜಾರಿತು. ಆ ಬಯಲೂ ಹೀಗೆಯೇ ಜಾರಬಹುದು ಎಂಬುದರ ಸೂಚನೆ ಅದು.

ಆಂಟನಿ ತಲೆಯಾಡಿಸಿದರು. "ಇನ್ನೊಂದು ಮಾಡಿ ನೋಡುವ."

ಹತ್ತು ಹೆಜ್ಜೆ ಆಚೆಯ ಗುಂಡಿಯಲ್ಲಿ ಮೂವತ್ತು ತಟ್ಟಿದರೂ ದಿಂಡು ಅಲುಗಲಿಲ್ಲ. ಅದೇ ಹಿಮ, ಎರಡು ಉತ್ತರ. ಯಾಮಿನಿಗೆ ಗೊಂದಲವಾಯಿತು.

"ಎಂತ ಅನಿಸ್ತದೆ ನಿಮಗೆ?" ಎಂದು ಕೇಳಿದರು ಆಂಟನಿ.

ಅವರ ಕಣ್ಣು ಬಯಲಿನ ಮೇಲೇ ಇತ್ತು. ಇಪ್ಪತ್ತು ವರ್ಷ ಅನುಭವವಿದ್ದವರ ಎದುರು ಮೂರು ದಿನದ ತರಬೇತಿಯ ತಾನೇನು ಹೇಳುವುದು? ಆದರೂ ಯಾಮಿನಿ ಬಾಯಿಬಿಟ್ಟಳು.

"ಸರ್, ಬೇಜಾರು ಮಾಡ್ಕೋಬೇಡಿ. ನಂಗೆ ಆ ಮೊದಲನೇದು ತಲೆಯಿಂದ ಹೋಗ್ತಾ ಇಲ್ಲ. ನಾನು ಅಲ್ಲಿ ಇಳಿಯಲ್ಲ."

"ಆಯ್ತು. ಮರಗಳ ಕಡೆಯಿಂದ ಹೋಗುವ," ಎಂದು ಆಂಟನಿ ಸಲಿಕೆ ಮಡಚಿದರು.

ಇಳಿಜಾರು ಕಡಿಮೆಯಿದ್ದ ಕಾಡಿನ ಅಂಚಿಗೆ ಅವರು ತಲುಪುವಷ್ಟರಲ್ಲಿ ಬೇರೊಂದು ತಂಡದ ಮೂವರು ಮೇಲೆ ಬಂದರು. ಗುಂಡಿ ಗಿಂಡಿ ಏನೂ ತೋಡಲಿಲ್ಲ. ಒಬ್ಬರ ಹಿಂದೆ ಒಬ್ಬರು ಆ ಬಯಲಿಗೆ ಧುಮುಕಿದರು. ಯಾಮಿನಿ ಉಸಿರು ಬಿಗಿಹಿಡಿದು ನೋಡಿದಳು. ಏನೂ ಆಗಲಿಲ್ಲ. ಕೆಳಗಿನಿಂದ ಅವರ ಕೇಕೆ ಕೇಳಿಸಿತು. ಬಯಲಿನಲ್ಲಿ ಮೂರು ಚೆಂದದ ಗೆರೆಗಳು ಉಳಿದವು.

ಅವರು ಕ್ಷೇಮವಾಗಿ ಇಳಿದರೆಂದು ಅವಳಿಗೆ ನಿರಾಳವಾಯಿತು. ಬೆನ್ನಿಗೇ ನಾಚಿಕೆಯೂ ಆಯಿತು.

"ಸಾರಿ ಸರ್. ನಿಮ್ಮ ದಿನ ಹಾಳು ಮಾಡ್ದೆ."

"ಎಂಥದ್ದು ಮಾರಾಯ್ತಿ ಸಾರಿ!" ಆಂಟನಿ ಗಾಗಲ್ಸ್ ಮೇಲೇರಿಸಿ ಅವಳನ್ನೇ ನೋಡಿದರು. "ಎರಡನೇ ಗುಂಡಿ ನಾನು ಯಾಕೆ ತೋಡಿಸಿದ್ದು ಗೊತ್ತುಂಟಾ? ಇಳಿಯಲಿಕ್ಕೆ ನನಗೊಂದು ನೆಪ ಬೇಕಿತ್ತು. ಅದು ಸಿಕ್ಕಿಯೂ ಸಿಕ್ಕಿತು. ಒಬ್ಬನೇ ಇದ್ದಿದ್ದರೆ ಇಳಿದೇ ಬಿಡ್ತಿದ್ದೆ." ಗಾಗಲ್ಸ್ ಮತ್ತೆ ಇಳಿಸಿಕೊಳ್ಳುತ್ತ, "ಮೊದಲನೇದು ನೋಡಿ ನನಗೂ ಹೆದರಿಕೆ ಆಗಿತ್ತು. ಹೇಳಲಿಲ್ಲ, ಅಷ್ಟೆ," ಎಂದರು.

ಆಂಟನಿ ಉತ್ತರಕ್ಕೆ ಕಾಯಲಿಲ್ಲ. ದೇವದಾರುಗಳ ನಡುವೆ ನುಸುಳಿ ಹೊರಟೇಬಿಟ್ಟರು. ಅವರು ಕೆಳಗೆ ನಿಂತು, ಇನ್ನು ಬರಬಹುದೆಂದು ಕೋಲೆತ್ತಿದ ಮೇಲೆ ಅವಳೂ ಹಿಂಬಾಲಿಸಿದಳು. ನೆರಳಿನಲ್ಲಿ ಹಿಮ ಇನ್ನೂ ಹಗುರವಾಗಿತ್ತು, ಮೊಣಕಾಲಿನವರೆಗೆ ಏಳುತ್ತಿತ್ತು. ನಾಲ್ಕನೆಯ ತಿರುವಿನಲ್ಲಿ ಆಯತಪ್ಪಿ ಕುತ್ತಿಗೆಯವರೆಗೆ ಹೂತು ಬಿದ್ದವಳು ಏಳುವ ಮೊದಲೇ ನಗತೊಡಗಿದಳು.

"ಇನ್ನೊಂದು ಸಲ ಹತ್ತೋಣ್ವಾ ಸರ್?" ಎಂದು ಅಲ್ಲಿಂದಲೇ ಕೂಗಿದಳು.