ನಾಲ್ಕನೇ ಸ್ಲಾಟು

ಕರೆಂಟು ಸರಕಾರದ ತಂತಿಯಿಂದ ಬೀದಿಯ ಜನರೇಟರಿಗೆ ಜಿಗಿಯುವಾಗ ಮಗಳ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ತಬಾರಕ್ ವಾಸ್ತುಶಿಲ್ಪದ ಕೊನೆಯ ವರ್ಷದವಳು. ಅವಳು ರೂಪಿಸಿದ ಆಸ್ಪತ್ರೆಯ ಚಿತ್ರಗಳು ಸಂಜೆಯೊಳಗೆ ಕಾಲೇಜು ಸೇರಬೇಕು; ಇಲ್ಲವಾದರೆ ವರ್ಷವೇ ಹಾಳು. ಆ ಚಿತ್ರಗಳನ್ನು ಕಂಪ್ಯೂಟರು ಮೂಡಿಸಲು ಮೂವತ್ತೆರಡು ಜಿಬಿ ಮೆಮೊರಿ ಬೇಕು. ಎಂಟೆಂಟು ಜಿಬಿಯ ನಾಲ್ಕು ಮೆಮೊರಿ ಪಟ್ಟಿಗಳು ಸುಡದೆ ಉಳಿದಿದ್ದವು. ಅವನ್ನೂ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡು, ಬೇಕರಿ ಕೆಲಸದ ಕೈಯ ಹಿಟ್ಟನ್ನೂ ತೊಳೆಯದೆ, ಅವಳೊಂದಿಗೆ ಬಾಗ್ದಾದಿನ ಕಂಪ್ಯೂಟರ್ ಅಂಗಡಿಗಳ ಸಿನಾಆ ಬೀದಿಗೆ ಓಡಿದೆ.

ಅಂಗಡಿಯ ಅಬು ಸರ್ಮದ್ ಎರಡು ಬೋರ್ಡು ಮುಂದಿಟ್ಟ. ಹೊಸದಕ್ಕೆ ಮೆಮೊರಿ ಪಟ್ಟಿ ಸಿಕ್ಕಿಸುವ ಸ್ಲಾಟು ಎರಡೇ. ಬಳಸಿದ ಹಳೆಯದಕ್ಕೆ ನಾಲ್ಕು.

"ನಾಲ್ಕಿರೋದೇ ಕೊಡಪ್ಪಾ," ಎಂದೆ.

ಒಂದು ಪಟ್ಟಿ ಸಿಕ್ಕಿಸಿದ, ಪರದೆ ಬೆಳಗಿತು. "ನೋಡು ನನ್ನ ಕಣ್ಣೇ, ಕುದುರೆ ಇದ್ದಹಾಗಿದೆ! ಕಟ್ಟಿಕೊಡ್ಲಾ?"

ಹಳೆಯ ಮಾಲು ಹೊಸ್ತಿಲು ದಾಟಿದರೆ ಮತ್ತೆ ವಾಪಸಿಲ್ಲ. ಅದು ಆ ಬೀದಿಯ ಕಟ್ಟಳೆ.

"ನಾಲ್ಕನ್ನೂ ಹಾಕಿ ನೋಡಿ, ಚಿಕ್ಕಪ್ಪಾ," ಎಂದಳು ತಬಾರಕ್.

ಪರದೆ ಇಪ್ಪತ್ತನಾಲ್ಕು ಎಂದಿತು. ಅಬು ಸರ್ಮದ್ ಪೆನ್ಸಿಲ್ ರಬ್ಬರಿನಿಂದ ಪಟ್ಟಿಯ ತುದಿ ಉಜ್ಜಿ ಮತ್ತೆ ಹಾಕಿದ. ಮತ್ತೆ ಇಪ್ಪತ್ತನಾಲ್ಕು. ನಾಲ್ಕನೇ ಸ್ಲಾಟು ಸತ್ತಿತ್ತು. ನಾನು ಮಗಳತ್ತ ತಿರುಗಿದೆ.

"ಅಷ್ಟರಲ್ಲೇ ಆಗಲ್ವೇನಮ್ಮಾ?"

"ಅರ್ಧಕ್ಕೇ ನಿಂತುಹೋಗತ್ತೆ ಬಾಬಾ."

"ಹಾಗಾದ್ರೆ ಹೊಸದು ತಗೊಳ್ಳಿ," ಎಂದ ಅಬು ಸರ್ಮದ್.

"ಎರಡು ಸ್ಲಾಟಲ್ಲಿ ನಾಲ್ಕು ಪಟ್ಟಿ ಎಲ್ಲಿ ತುರುಕೋದಯ್ಯಾ?"

ಅವನು ನನ್ನ ಕೈ ನೋಡಿ ನಕ್ಕ. "ಬೇಕರಿಯವನಾಗಿ ಹೀಗೆ ಕೇಳ್ತೀಯಲ್ಲೋ, ತಬಾರಕಳ ಅಪ್ಪಾ! ತಟ್ಟೆ ದೊಡ್ಡದಾದ್ರೆ ಎರಡರಲ್ಲೇ ಅಷ್ಟೂ ರೊಟ್ಟಿ ಬೇಯಲ್ವಾ? ನಿನ್ನ ನಾಲ್ಕು ನಂಗೆ ಕೊಡು, ಹದಿನಾರರವು ಎರಡು ಕೊಡ್ತೀನಿ."

ಹೊಸ ಬೋರ್ಡಿಗೆ ಅವೆರಡನ್ನೂ ಹಾಕಿದ; ಪರದೆ ಮೂವತ್ತೆರಡು ಎಂದಿತು. ಆದರೆ ಮನೆಗೆ ಹೋಗಿ ಚಿತ್ರ ಮೂಡಿಸುವಷ್ಟು ಹೊತ್ತಿರಲಿಲ್ಲ. ಕಾಲೇಜು ಎದುರಿಗೇ ಇತ್ತು. ಅಬು ಸರ್ಮದ್ ತನ್ನ ಕಂಪ್ಯೂಟರನ್ನು ಕರೆಂಟು ಹೋದರೂ ನಡೆಸುವ ಬ್ಯಾಟರಿ ಪೆಟ್ಟಿಗೆಯಿಂದ ಕಿತ್ತು, ಡಿಸ್ಕ್ ಸೇರಿಸಿದ ನಮ್ಮದನ್ನು ಸಿಕ್ಕಿಸಿದ. "ಇಲ್ಲೇ ಮಾಡ್ಕೋ ಮಗಳೇ. ಬ್ಯಾಟರಿ ಮಾತ್ರ ಮುದಿಯಾಗಿದೆ, ದೇವರ ಮೇಲೆ ಭಾರ."

ಚಹಾ ಬಂತು. ಕುಡಿಯಲಾಗಲಿಲ್ಲ. ಕೊನೆಯ ಚಿತ್ರ ಮೂಡುತ್ತಿತ್ತು. ಎದುರು ಸಾಲಿನ ದೀಪಗಳು ಆರಿದವು, ಆಮೇಲೆ ನಮ್ಮವು. ಕತ್ತಲಲ್ಲಿ ಪೆಟ್ಟಿಗೆ ಕೀಂ ಕೀಂ ಎಂದು ಅರಚತೊಡಗಿತು. ಪರದೆ ಒಮ್ಮೆ ಮಿಣುಕಿತು.

ಜನರೇಟರು ಗುಡುಗಿತು. ಫ್ಯಾನು ತಿರುಗಿತು. ಆಸ್ಪತ್ರೆಯ ಗೋಡೆಗಳು ಮೂಡುತ್ತಲೇ ಇದ್ದವು.

"ಬಾಬಾ, ಕೈ ಬಿಡು. ಮುಗೀತು, ನಾನು ಓಡ್ಬೇಕು!"

ಅವಳ ಮಣಿಕಟ್ಟನ್ನು ಯಾವಾಗ ಹಿಡಿದಿದ್ದೆನೋ. ಬಿಟ್ಟಾಗ ಅಲ್ಲಿ ನನ್ನ ಐದೂ ಬೆರಳು ಹಿಟ್ಟಿನಲ್ಲಿ ಮೂಡಿದ್ದವು.